ಇಸ್ತ್ರಿಯವಳ ಹೇಳಿಕೆ

ಆಸ್ಪತ್ರೆಗಳ ಚಾದರ ಒಗೆಯುವ ಲಾಂಡ್ರಿ ಅದು. ಮಧ್ಯಾಹ್ನ ಮೂರೂಕಾಲಿಗೆ ಇಸ್ತ್ರಿಯ ಹೆಂಗಸು ಹಿಂಬಾಗಿಲಿನಿಂದ ಓಡಿ ಬಂದಳು. ಬರಿಗಾಲು. ಎರಡೂ ಅಂಗೈ ಕೆಂಪು. ವ್ಯಾನಿಗೆ ಮೂಟೆ ಹೇರುತ್ತಿದ್ದ ಇಬ್ಬರು ಕಂಗಾಲಾಗಿ ನಿಂತರು. ಅವಳ ಬೆನ್ನಿಗೇ ಸೂಪರ್‌ವೈಸರ್.

“ನಿಲ್ಲೇ! ಹಿಡ್ಕೊಳ್ರೋ ಅವಳನ್ನ!”

ಅವಳು ಹುಟ್ಟಿನಿಂದಲೇ ಕಿವುಡಿ. ಆ ಕೂಗು ಅವಳಿಗೆ ಮುಟ್ಟುವುದಾದರೂ ಹೇಗೆ? ಆದರೂ ಮೂಟೆಯವರು ಆಮೇಲೆ ಪೊಲೀಸರಿಗೆ ಬರೆಸಿದ್ದು ಒಂದೇ ಸಾಲು: ಕೂಗಿದರೂ ನಿಲ್ಲದೆ ಓಡಿದಳು.

ಒಳಗೆ, ಒಣಗಿಸುವ ಡ್ರಮ್ಮಿನ ಪಕ್ಕದಲ್ಲಿ ಮಾಲೀಕ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಜೀವ ಹೋಗಿತ್ತು.

*

ಸಬ್‌ಇನ್‌ಸ್ಪೆಕ್ಟರ್ ಮೊದಲು ಹಿಡಿದದ್ದು ಬಾಯ್ಲರಿನ ಮುದುಕನನ್ನು. ಬೆಳಿಗ್ಗೆ ಮಾಲೀಕನ ಜೊತೆ ಜಗಳವಾಡಿದ್ದನಂತೆ. ನಾಲ್ಕು ಬಿಗಿದ ಮೇಲೆ ತಿಳಿಯಿತು, ಮುದುಕ ಇಡೀ ಮಧ್ಯಾಹ್ನ ಅಂಗಳದಲ್ಲಿ, ಮೂಟೆಯವರ ಕಣ್ಣೆದುರೇ ಇದ್ದ.

ಉಳಿದವಳು ಇವಳು.

“ಇವಳ ಕೈಭಾಷೆ ಯಾರಿಗ್ರೀ ಬರುತ್ತೆ?”

“ನನಗೆ ಬರುತ್ತೆ ಸಾರ್,” ಎಂದ ಸೂಪರ್‌ವೈಸರ್. “ಏಳು ವರ್ಷದಿಂದ ಇವಳ ಹತ್ರ ಕೆಲಸ ತೆಗೀತಿದೀನಿ.”

ಎಸ್‌ಐಗೆ ಹಗುರವೆನಿಸಿತು. ಕ್ಯಾಮೆರಾ ಇಟ್ಟರು. ಹತ್ತು ನಿಮಿಷಕ್ಕೆಂದು ಬೇಡಿ ಬಿಚ್ಚಿದರು. ಬೇರೆಯವರಿಗೆ ಬೇಡಿ ಹಾಕಿದರೆ ಕೈ ಕಟ್ಟಿದ ಹಾಗೆ. ಅವಳಿಗೆ ನಾಲಿಗೆ ಕತ್ತರಿಸಿದ ಹಾಗೆ. ಠಾಣೆಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ.

ಅವಳ ಕೈಗಳು ಹರಿದಾಡಿದವು. ಎದೆ ಮುಟ್ಟಿಕೊಂಡಳು. ಅಂಗಾಲಿನಿಂದ ನೆಲ ಬಡಿದಳು.

“‘ಮಾಲೀಕರು ಬೈದ್ರು, ಸಿಟ್ಟು ಬಂತು, ಇಸ್ತ್ರಿಪೆಟ್ಟಿಗೆಯಿಂದ ಹೊಡೆದೆ’ ಅಂತಿದಾಳೆ ಸಾರ್.”

“ಬೆರಳು ನಿನ್ನ ಕಡೆ ಯಾಕೆ ತೋರಿಸ್ತಿದಾಳೆ?”

“‘ಇವರಿಗೆ ಎಲ್ಲಾ ಗೊತ್ತು, ಇವರನ್ನೇ ಕೇಳಿ’ ಅಂತ.”

ಎಸ್‌ಐ ತಲೆಯಾಡಿಸಿದ. ಅದನ್ನು ನೋಡಿ ಅವಳ ಮುಖ ಅರಳಿತು. ಕೈಮುಗಿದಳು. ತಾನಾಗಿಯೇ ಹೆಬ್ಬೆಟ್ಟು ಒತ್ತಿದಳು.

“ಮೂಗಿ ಬಾಯಿ ಬಿಟ್ಲು, ಸಾರ್!” ಎಂದು ಪೇದೆ ನಕ್ಕ.

ಇಸ್ತ್ರಿಪೆಟ್ಟಿಗೆಯಲ್ಲಿ ರಕ್ತದ ಕಲೆ ಇರಲಿಲ್ಲ. ತೊಳೆದಿದ್ದಾಳೆ ಎಂದು ಬರೆದುಕೊಂಡರು. ಲಾಂಡ್ರಿಗೆ ಸೀಲು ಬಿತ್ತು. ಒಪ್ಪಿಗೆ ಕೈಗೆ ಸಿಕ್ಕ ಮೇಲೆ ಹುಡುಕುವವರು ಯಾರು?

*

ಹತ್ತೊಂಬತ್ತು ದಿನವಾಯಿತು. ಆ ವಿಡಿಯೋಗೆ ಕಿವುಡರ ಶಾಲೆಯ ಟೀಚರ್ ಸಹಿ ಬೇಕು ಎಂದರು ಸರ್ಕಾರಿ ವಕೀಲರು.

“ಒಂದು ಸಹಿ ಅಷ್ಟೇ ಟೀಚರ್. ಟೀ ಆರೋದ್ರೊಳಗೆ ಮುಗಿಯುತ್ತೆ,” ಎಂದ ಎಸ್‌ಐ.

ಟೀಚರ್ ನೋಡಿದಳು. “ಸೌಂಡ್ ತೆಗೀರಿ. ಈ ಗಂಡಸಿನ ಮಾತು ಅಡ್ಡ ಬರ್ತಿದೆ.” ಮತ್ತೆ ನೋಡಿದಳು. ಟೀ ಆರಿತು.

“ಇವಳು ಒಪ್ಕೊಂಡಿಲ್ಲ ಸರ್. ದೂರು ಕೊಡ್ತಿದಾಳೆ.”

“ಯಾರ ಮೇಲೆ?”

ಟೀಚರ್ ಪರದೆಯ ಮೇಲೆ ಬೆರಳಿಟ್ಟಳು. ಸೂಪರ್‌ವೈಸರನ ಮುಖದ ಮೇಲೆ. ಆಮೇಲೆ ಆ ಕೈಗಳ ಜೊತೆಜೊತೆಗೇ ಹೇಳುತ್ತ ಹೋದಳು.

“‘ಇವನು ನನ್ನ ಮೈಮೇಲೆ ಕೈ ಹಾಕ್ತಿದ್ದ. ಮಾಲೀಕರಿಗೆ ತಿಳಿಸಿದೆ. ಅವರು ನಂಬಿದ್ರು. ನಾಳೆಯಿಂದ ಬರಬೇಡ ಅಂತ ಇವನಿಗೆ ಬಾಗಿಲು ತೋರಿಸಿದ್ರು. ಮಧ್ಯಾಹ್ನ ಇಸ್ತ್ರಿ ಮಾಡ್ತಿದ್ದೆ. ನೆಲದ ನಡುಕ ನಿಂತುಹೋಯ್ತು. ಡ್ರಮ್ ಕೆಟ್ಟಿತೇನೋ ಅಂತ ಹೋದೆ. ಮಾಲೀಕರು ಬಿದ್ದಿದ್ರು. ಇವನು ಡ್ರಮ್ಮಿನ ಕೆಳಬಾಗಿಲು ಮುಚ್ತಿದ್ದ. ಮಾಲೀಕರ ತಲೆ ಎತ್ತಿ ಹಿಡಿದೆ. ರಕ್ತ. ಜನರನ್ನ ಕರೆಯೋಕೆ ಓಡಿದೆ.’”

ಎಸ್‌ಐ ವಿಡಿಯೋ ನಿಲ್ಲಿಸಿದ. “ನೆಲದ ನಡುಕ ಅಂದ್ರೆ?”

“ಬರಿಗಾಲಲ್ಲಿ ಕೆಲಸ ಮಾಡೋಳು. ಡ್ರಮ್ ತಿರುಗೋದು ನಮಗೆ ಕಿವಿಗೆ, ಅವಳಿಗೆ ಪಾದಕ್ಕೆ.”

ಎರಡರಿಂದ ನಾಲ್ಕರವರೆಗೆ ಡ್ರಮ್ ನಿಲ್ಲಲೇ ಇಲ್ಲ ಎಂದು ಸೂಪರ್‌ವೈಸರ್ ಬರೆಸಿದ್ದ. ಎಸ್‌ಐ ಎದ್ದ.

*

ಸೀಲು ಒಡೆದರು. ಬಾಯ್ಲರಿನ ಮುದುಕನನ್ನೇ ಕರೆಸಿದರು. ಬಾಯ್ಲರಿನ ಗೋಡೆಯಲ್ಲಿ ಕೊಲೆಯ ದಿನದ್ದೇ, ಗಡಿಯಾರದಂಥ ದುಂಡು ಕಾಗದ, ಅದರ ಮೇಲೆ ಮುಳ್ಳೊಂದು ಎಳೆದ ಹಬೆಯ ಒತ್ತಡದ ಗೆರೆ.

“ಇಲ್ಲಿ ನೋಡಿ, ಮೂರೂ ಹತ್ತು. ಗೆರೆ ಮೇಲೆದ್ದಿದೆ. ಡ್ರಮ್ ನಿಂತಿದೆ, ಹಬೆ ಖರ್ಚಾಗಿಲ್ಲ.”

“ಯಾಕೆ ನಿಲ್ಲುತ್ತೆ?”

“ಕೆಳಗಡೆ ಬಟ್ಟೆಧೂಳು ತುಂಬೋ ಪೆಟ್ಟಿಗೆ ಇದೆ. ಅದರ ಬಾಗಿಲು ತೆಗೆದ್ರೆ ಡ್ರಮ್ ತಾನಾಗೇ ನಿಲ್ಲುತ್ತೆ. ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ದೆ ಸ್ವಾಮಿ. ನಿಮಗೆ ಕಪಾಳಕ್ಕೆ ಹೊಡೆಯೋಕೇ ಟೈಮ್ ಸಾಲಲಿಲ್ಲ.”

ಎಸ್‌ಐ ಮಂಡಿಯೂರಿ ಪೆಟ್ಟಿಗೆ ತೆಗೆದ. ಬೂದುಬಣ್ಣದ ಧೂಳಿನೊಳಗೆ ಸುತ್ತಿಟ್ಟ ಏಪ್ರನ್. ಅದರ ಜೇಬಿನ ಮೇಲೆ ಸೂಪರ್‌ವೈಸರನ ನಂಬರ್. ಒಳಗೆ ಮೊಳದುದ್ದದ ಸ್ಪ್ಯಾನರ್, ಕಪ್ಪಗೆ ಒಣಗಿದ ರಕ್ತ.

*

“ಮತ್ತೇನು ಕೇಳ್ಬೇಕು ಸಾರ್?” ಸೂಪರ್‌ವೈಸರ್ ಹಲ್ಲುಬಿಟ್ಟ. ಎದುರಿಗೆ ಅವಳು. ಮೂಲೆಯಲ್ಲಿ ಟೀಚರ್; ಆಕೆ ಯಾರೆಂದು ಅವನಿಗೆ ಗೊತ್ತಿರಲಿಲ್ಲ.

“ಡ್ರಮ್ ನಿಂತಿತ್ತಾ ಅಂತ ಕೇಳು.”

ಅವನು ಕೈಯಾಡಿಸಿದ. ಅವಳು ಉತ್ತರಿಸಿದಳು.

“ನಿಲ್ಲಲೇ ಇಲ್ಲವಂತೆ.”

“ಸುಳ್ಳು,” ಎಂದಳು ಟೀಚರ್. “ನಿಂತಿತ್ತು ಅಂದಳು. ಮೂರು ಸಲ ಅಂದಳು.”

ಎಸ್‌ಐ ಮೇಜಿನ ಮೇಲೆ ದುಂಡು ಕಾಗದ ಇಟ್ಟ. ಪಕ್ಕದಲ್ಲಿ ಸ್ಪ್ಯಾನರ್.

“ಡ್ರಮ್ಮಿನ ಸದ್ದಲ್ಲಿ ಹೊಡೆದೆ, ಕೂಗು ಹೊರಗೆ ಹೋಗಲಿಲ್ಲ. ಇದನ್ನ ಬಚ್ಚಿಡೋಕೆ ಡ್ರಮ್ ನಿಲ್ಲಿಸ್ಬೇಕಾಯ್ತು. ವ್ಯಾನಿನ ಎಂಜಿನ್ ಓಡ್ತಿತ್ತು, ಮೂಟೆಯವರಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಇವಳೊಬ್ಬಳಿಗೇ. ಅದನ್ನ ಇವಳು ಹೇಳಿದ್ದು ನಿನ್ನ ಮುಖಕ್ಕೇ.”

ಸೂಪರ್‌ವೈಸರನ ಮುಖ ಬಿಳಿಚಿತು. ಪೇದೆ ರಟ್ಟೆ ಹಿಡಿದಾಗ ತಿರುಗಿ ನಿಂತ.

“ನಾನು ಹೊಡೆದಿದ್ದು ಒಬ್ಬನನ್ನ. ಅವತ್ತು ಇವಳ ಮಾತು ಹೇಳೋಕೆ ನನ್ನನ್ನ ಆ ಕುರ್ಚಿಯಲ್ಲಿ ಕೂರಿಸಿದ್ದು ಯಾರು ಸಾರ್?”

ಎಸ್‌ಐ ಆ ಕುರ್ಚಿಯನ್ನು ಟೀಚರ್ ಕಡೆಗೆ ಸರಿಸಿದ.

ಟೀಚರ್ ಅವಳ ಎದುರು ಕೂತು ನಿಧಾನವಾಗಿ ತಿಳಿಸಿದಳು. ಕೊಲೆಗಾತಿ ಎಂದು ಬರೆದಿದ್ದು ತನ್ನನ್ನೇ ಎಂಬುದು ಅವಳಿಗೆ ಗೊತ್ತಾಗಿದ್ದೇ ಆಗ. ಹತ್ತೊಂಬತ್ತು ದಿನ ಯಾರೂ ತಿಳಿಸಿರಲಿಲ್ಲ. ಸಾಕ್ಷಿಗಳನ್ನು ಹೀಗೇ ಕೂಡಿಹಾಕುತ್ತಾರೆ ಅಂದುಕೊಂಡಿದ್ದಳು.

ಅವಳು ಮಣಿಕಟ್ಟು ಉಜ್ಜಿಕೊಂಡಳು. ಬೇಡಿ ಒತ್ತಿದ ಜಾಗ ಗಾಯವಾಗಿತ್ತು. ಎಸ್‌ಐ ಕಡೆ ತಿರುಗಿ ಕೈ ಆಡಿಸಿದಳು. ಸ್ವಲ್ಪವೇ.

“ಏನಂತೆ ಟೀಚರ್?”

ಟೀಚರ್ ಹೇಳಿದಳು.

“‘ಮೊದಲನೇ ದಿನವೇ ಹೇಳಿದ್ದೆ. ನೀವು ನನ್ನ ಕೈ ನೋಡಲಿಲ್ಲ. ಅವನ ಬಾಯಿ ನೋಡ್ತಾ ಕೂತಿದ್ರಿ.’”