ನೀಲಿ ಉಗ್ರಾಣದ ಮೊಳೆ

"ಆ ಮೊಳೆ ಮುಟ್ಬೇಡಿ," ಎಂದರು ಮಿನೆಯೊ ಅಜ್ಜಿ. "ದೀಪ ಬೇರೆ ಎಲ್ಲಿ ಬೇಕಾದ್ರೂ ತೂಗುಹಾಕಿ. ಆ ಕಂಬ ಒಂದು ಬಿಟ್ಬಿಡಿ."

ಏಣಿಯ ಮೇಲಿದ್ದ ಕುರೋಸೆ ನಕ್ಕ. "ಯಾಕಜ್ಜಿ, ಕಚ್ಚುತ್ತಾ?"

ಅಜ್ಜಿ ನಗಲಿಲ್ಲ. ಅವರು ನೀಲಿಬಣ್ಣದ ವ್ಯಾಪಾರ ಮಾಡುತ್ತಿದ್ದ ವರ್ತಕ ಮನೆತನದ ಕೊನೆಯ ಸೊಸೆ. ಯೊಶಿನೊ ನದಿಯ ದಡದ ಮನೆಯನ್ನೂ ಅದರ ಬೆನ್ನಿಗಿದ್ದ ನೀಲಿ ಉಗ್ರಾಣವನ್ನೂ ಊರಿಗೆ ಬಿಟ್ಟುಕೊಟ್ಟಿದ್ದರು. ಉಗ್ರಾಣವೀಗ ಸಂಗೀತದ ಸಭಾಂಗಣವಾಗಬೇಕಿತ್ತು. ಅದನ್ನು ಅಣಿಗೊಳಿಸಲು ಒಸಾಕಾದಿಂದ ಬಂದವನು ಕುರೋಸೆ. ಮೊದಲ ದಿನ ಹಾಡಬೇಕಾದವಳು ಅವನ ಹೆಂಡತಿ ಚಿಗುಸಾ.

"ನಮ್ಮತ್ತೆಯ ಅಜ್ಜಿ ಕಾಲದ್ದು," ಅಜ್ಜಿ ದನಿ ತಗ್ಗಿಸಿದರು. "ಓಸೆನ್ ಅಂತ ಕೂಲಿ ಹುಡುಗಿ, ಬಣ್ಣಕ್ಕೆ ನೀಲಿ ಗಿಡದ ಎಲೆ ಕೊಳೆಹಾಕಿ ತಿರುವ್ತಾ ಹಾಡ್ತಿದ್ಲು. ಮನೆಮಗ ಆ ಹಾಡಿಗೇ ಮರುಳಾದ. ಯಜಮಾನಿ ಮಾಟಗಾರನ್ನ ಕರೆಸಿ, ಹುಡುಗಿ ಕೂದಲು ಸುತ್ತಿ ಮೊಳೆ ಹೊಡೆಸಿದ್ರು. ಆಮೇಲೆ ಅವಳ ಬಾಯಿಂದ ಮಾತೇ ಬರಲಿಲ್ಲ. ಹೊಳೆಗೆ ಹಾರಿದ್ಲು. ದನಿ ಮಾತ್ರ ಆ ಕಂಬದಲ್ಲೇ ಇದೆ. ಮೊಳೆ ಕಿತ್ರೆ ಅದು ಗಂಟಲು ಹುಡ್ಕುತ್ತೆ."

"ಒಳ್ಳೇದೇ ಆಯ್ತು. ಚಿಗುಸಾಗೆ ಜೊತೆ ಹಾಡೋಕೆ ಯಾರೂ ಇರ್ಲಿಲ್ಲ."

ಅಜ್ಜಿ ಹೊರಟುಹೋದರು. ಕುರೋಸೆ ಇಕ್ಕಳ ಹಿಡಿದು ಎಳೆದ. ಮೊಳೆ ನರಳುತ್ತ ಹೊರಬಂತು. ಅದಕ್ಕೆ ಸುತ್ತಿದ್ದ ಕೂದಲು ಒದ್ದೆಯಾಗಿತ್ತು. ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ, ಮೊಳೆಯನ್ನು ಮೂಲೆಗೆಸೆದ.

ಸಂಜೆ ಚಿಗುಸಾ ಅಭ್ಯಾಸಕ್ಕೆ ನಿಂತಳು. ದಪ್ಪ ಮಣ್ಣಿನ ಬಾಗಿಲು ಮುಚ್ಚಿದೊಡನೆ ನದಿಯ ಸದ್ದು ಅಡಗಿತು. ಒಳಗೆ ಕತ್ತಲು ಕವಿಯಿತು; ಒಂದೇ ಒಂದು ದೀಪ. ಎಲೆ ಕಾಣದೆ ಎಷ್ಟೋ ಕಾಲವಾಗಿದ್ದ ಆ ನೆಲದಿಂದ ಕೊಳೆತೆಲೆಯ ನಾತ ಎದ್ದಿತು, ಕಣ್ಣು ಉರಿಯುವಷ್ಟು ಖಾರವಾಗಿ.

ಮೊದಲ ಸಾಲು ಅವಳದೇ. ಎರಡನೆಯದು ಅಲ್ಲ.

ಎಳೆಯ, ಒರಟು ದನಿ. ಹಳ್ಳಿಯ ಹಾಡು. ಎಲೆ ತಿರುವುವ ಕೋಲಿನ ಏಟಿಗೆ ತಕ್ಕ ಲಯ.

"ಇದ್ಯಾವಾಗ ಕಲಿತೆ?" ಕುರೋಸೆ ಕೇಳಿದ.

ಅವಳು ತಲೆ ಅಲ್ಲಾಡಿಸಿದಳು. ಹಾಡು ನಿಲ್ಲಲಿಲ್ಲ. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಹಾಡು ಸುರಿಯಿತು. ಸಾಲು ಸಾಲಿನ ನಡುವೆ ಉಸಿರಿಗೆ ಬಿಡುವಿಲ್ಲ. ತುಟಿ ನೀಲಿಯಾಯಿತು. ಮೊಣಕಾಲೂರಿ ಬಿದ್ದಳು. ಹಾಡು ಮಾತ್ರ ಏರುತ್ತಲೇ ಇತ್ತು.

ಬಾಗಿಲು ಸರಿಯಿತು. ಅಜ್ಜಿ ಏದುಸಿರು ಬಿಡುತ್ತ ನಿಂತಿದ್ದರು. "ಹಾಡು ಬೀದಿಗೇ ಕೇಳಿಸ್ತಿದೆ! ಮೊಳೆ ಎಲ್ಲಿ?"

ಕುರೋಸೆ ನೆಲ ತಡಕಿದ. ಸಿಕ್ಕಿತು. ಕಂಬದತ್ತ ಓಡಿದ.

"ಹಳೇ ಕೂದಲು ಬೇಡ! ಇವಳದ್ದು ಸುತ್ತಿ. ದನಿ ಈಗ ಇವಳ ಗಂಟಲಲ್ಲಿದೆ."

ಅವನ ಕೈ ನಿಂತಿತು. "ಹಾಗಾದ್ರೆ ಇವಳ ದನಿ?"

"ಎರಡೂ ಹೋಗುತ್ತೆ." ಅಜ್ಜಿ ಮುಖ ತಿರುಗಿಸಿದರು. "ಉಸಿರು ಉಳಿಯುತ್ತೆ."

ಚಿಗುಸಾಳ ಕಣ್ಣುಗಳು ಮೇಲಕ್ಕೆ ಸರಿದಿದ್ದವು. ಅವನು ಅವಳ ಕೂದಲಿಗೆ ಕೈಹಾಕಿ ಕಿತ್ತ. ಸುತ್ತಿದ. ಏಣಿ ಹತ್ತಿದ. ಸುತ್ತಿಗೆ ಬೀಸಿದ. ಬೆರಳು ಜಜ್ಜಿತು. ಮತ್ತೆ ಬೀಸಿದ. ಮತ್ತೆ.

ಮೌನ.

ಕೆಳಗೆ ಚಿಗುಸಾ ಬಾಯಿತುಂಬ ಗಾಳಿ ಎಳೆದುಕೊಳ್ಳುತ್ತಿದ್ದಳು. ಅವಳು ಅಳುತ್ತಿದ್ದಳು, ಸದ್ದಿಲ್ಲದೆ.

ವೈದ್ಯರಿಗೆ ಅವಳ ಗಂಟಲಲ್ಲಿ ಯಾವ ದೋಷವೂ ಕಾಣಲಿಲ್ಲ. ಸಭಾಂಗಣ ಇನ್ನೊಬ್ಬರ ಕೊಳಲಿನಿಂದ ಶುರುವಾಯಿತು. ಕುರೋಸೆಗೆ ಊರು ಬಿಡಲಾಗಲಿಲ್ಲ. ಕಂಬಕ್ಕೆ ಕಿವಿಯಿಟ್ಟರೆ, ಮರದೊಳಗೆ ಹೆಂಡತಿ ಅವನ ಹೆಸರು ಹಿಡಿದು ಕೂಗುತ್ತಿದ್ದಳು.

ವಸಂತದ ಒಂದು ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಇಕ್ಕಳದ ಬಾಯಿಗೆ ಮೊಳೆ ಸಿಕ್ಕಿತ್ತು. ಏಣಿಯ ಕೆಳಗಿನಿಂದ ಯಾರೋ ಅವನ ಅಂಗಿ ಹಿಡಿದೆಳೆದರು.

ಚಿಗುಸಾ.

"ಬಿಡು! ನಿನ್ನ ದನಿ ನಿನಗೇ ವಾಪಸ್ ಬರುತ್ತೆ. ಬಾಗಿಲು ಹಾಕ್ತೀನಿ, ಇಲ್ಲಿ ನಾವಿಬ್ರೇ."

ಅವಳು ಅವನನ್ನು ಇಳಿಸಿ, ತೋಳು ಹಿಡಿದು ಬಾಗಿಲ ಬಳಿಗೆ ಕರೆತಂದಳು. ನದಿಯ ಮೆಟ್ಟಿಲ ಮೇಲೆ ಶಾಲೆಯ ಹುಡುಗಿಯರು ಸಾಲಾಗಿ ನಿಂತು, ಬಾಯಿ ಅಗಲಿಸಿ, ವೃಂದಗಾನ ಅಭ್ಯಾಸ ಮಾಡುತ್ತಿದ್ದರು. ಚಿಗುಸಾ ಮೊದಲು ಕಂಬವನ್ನು, ಮತ್ತೆ ಬೆರಳಿನಿಂದ ಅವರ ಗಂಟಲುಗಳನ್ನು ಒಂದೊಂದಾಗಿ ತೋರಿಸಿದಳು.

ಆಮೇಲೆ ಅವನ ಕೈಯಿಂದ ಇಕ್ಕಳ ಕಿತ್ತುಕೊಂಡು ನೀರಿಗೆಸೆದಳು.