ಅಕ್ಕನ ಕೈಗವಸು

"ಯಾರಾದ್ರೂ ತೊಟ್ಟಿದ್ದನ್ನ ಈ ಗಿಟಾರಿನ ಸುತ್ತಿಗೆಗೆ ಸುತ್ತಬೇಡಪ್ಪ. ತೊಟ್ಟವರ ಬೆರಳನ್ನೇ ತಿನ್ನತ್ತೆ ಅದು," ಎಂದರು ವಾದ್ಯದಂಗಡಿಯ ಯಜಮಾನರು.

ಹೊಸದಾಗಿ ಸೇರಿದ್ದ ರಿಪೇರಿಯವನು ಕಿಸಕ್ಕನೆ ನಕ್ಕ. "ಅದಕ್ಕೆ ಹಲ್ಲೆಲ್ಲಿದೆ ಸಾರ್?"

ಯಜಮಾನರು ನಗಲಿಲ್ಲ. ಮೇಜಿನ ಮೇಲಿದ್ದುದು ಐದು ತಂತಿಯ ಹಳೇ ಗಿಟಾರು. ಬೆರಳು ನೋಯದಂತೆ ನುಡಿಸಲೆಂದು ಹಿಂದೆ ಯಾರೋ ಅದಕ್ಕೆ ಪಿಯಾನೋಗಿರುವಂಥ ಐದು ಕೀ ಕೂರಿಸಿದ್ದ. ಕೀ ಒತ್ತಿದರೆ ಹೊಟ್ಟೆಯೊಳಗಿಂದ ಪುಟ್ಟ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಈ ಪ್ರಯೋಗ ಕಂಡು ಅವನ ಹೆಂಡತಿ ಗೇಲಿ ಮಾಡಿದಳಂತೆ; ಅವಳು ಒಳ್ಳೆಯ ವಾದಕಿ. ಅವನು ಮಾಟ ಮಾಡಿಸಿ, ಅವಳ ಚರ್ಮದ ಕೈಗವಸು ಕತ್ತರಿಸಿ ಸುತ್ತಿಗೆಗಳಿಗೆ ಸುತ್ತಿದನಂತೆ. ಅವಳು ಮತ್ತೆಂದೂ ತಂತಿ ಮೀಟಲಿಲ್ಲ.

ಆ ಚರ್ಮ ಈಗ ಪುಡಿಯಾಗಿತ್ತು. ಹೊಸ ಚರ್ಮ ಹಾಕಿದರೆ ಸದ್ದು ಒರಟು. ಬಳಸಿ ಮೆತ್ತಗಾದದ್ದೇ ಬೇಕು. ರಿಪೇರಿಯವನು ಅಕ್ಕನ ಹಳೆಯ ಬಲಗೈ ಗವಸನ್ನು ಹೇಳದೆ ಕೇಳದೆ ತಂದ. ಬಟ್ಟೆ ಹೊಲಿದು ಅವನನ್ನು ಸಾಕಿದ ಅಕ್ಕ. ಗವಸಿನ ಒಂದೊಂದು ಬೆರಳನ್ನು ಒಂದೊಂದು ಸುತ್ತಿಗೆಗೆ ಅಂಟಿಸಿ, ರೂಢಿಯಂತೆ ಎಲ್ಲ ಕೀಗಳನ್ನೂ ಒತ್ತಿ ನೋಡಿದ. ಆಹಾ, ಎಂಥ ನಾದ! ಗಿಟಾರಿನೊಳಗಿಂದ ಬೆವೆತ ಅಂಗೈಯ ವಾಸನೆ ಬಂತು. ಅಂಟಿನದಿರಬೇಕು ಎಂದುಕೊಂಡ.

ಸಂಜೆ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಅಕ್ಕನ ತೋರುಬೆರಳಿನಲ್ಲಿ ಸೂಜಿ ತೂರಿ ನಿಂತಿತ್ತು. ರಕ್ತವಿಲ್ಲ.

"ನೋವೇ ಇಲ್ಲ ಕಣೋ. ಬಲಗೈ ಬೆರಳೆಲ್ಲ ಸತ್ತ ಹಾಗಿವೆ. ಇನ್ನು ಹೇಗೋ ಹೊಲೀಲಿ?"

ಅವನಿಗೆ ಗಿಟಾರು ನೆನಪಾಯಿತು. ಅಂಗಡಿಗೆ ಓಡಿದ.

"ಅದನ್ನ ಕಿತ್ರೆ ಬೆರಳೂ ಕಿತ್ತು ಬರತ್ತೆ," ಎಂದರು ಯಜಮಾನರು. "ಅದರ ಮೇಲೆ ನಿನ್ನ ಗವಸು ಅಂಟಿಸಿ ಕೀ ಒತ್ತು. ಅವಳನ್ನ ಬಿಡತ್ತೆ. ನಿನ್ನನ್ನ ಹಿಡಿಯತ್ತೆ."

ತನ್ನ ಕೆಲಸದ ಬಲಗೈ ಗವಸನ್ನು ಕತ್ತರಿಸಿದ. ಕಿರುಬೆರಳು ಅಂಟಿಸಿದ. ಒತ್ತಿದ. ಅವನ ಕಿರುಬೆರಳು ತಣ್ಣಗಾಯಿತು. ಉಂಗುರಬೆರಳು. ಒತ್ತಿದ. ಒಳಗೇನೋ ಚಪ್ಪರಿಸಿತು. ನಡುಬೆರಳು. ಕತ್ತಲು. ಬೆವರಿನ ವಾಸನೆ. ತೋರುಬೆರಳು. ಸತ್ತಿತು. ಹೆಬ್ಬೆರಳ ತುಂಡು ಅಂಟಿಸಿದ. ಕೀಯ ಮೇಲೆ ಎಡಗೈ ಇಟ್ಟ. ಒತ್ತಲಿಲ್ಲ. ನನಗೂ ಒಂದಾದರೂ ಉಳಿಯಲಿ ಅನ್ನಿಸಿತು.

ಈಗ ದಿನಾ ಬೆಳಿಗ್ಗೆ ಅಕ್ಕ ಅವನ ಅಂಗಿಯ ಗುಂಡಿ ಹಾಕುತ್ತಾಳೆ. ಅವಳ ಬಲಗೈ ಹೆಬ್ಬೆರಳಿಗೆ ಜೀವವಿಲ್ಲ, ಗುಂಡಿ ಜಾರುತ್ತದೆ.

"ನಂಗೆ ನಾಲ್ಕಾದ್ರೂ ವಾಪಸ್ ಬಂದ್ವು. ನಿಂಗೆ ಐದೂ ಹೋಯ್ತಲ್ಲೋ, ಪಾಪ."

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ. ಬಲಗೈಯನ್ನು ಜೇಬಿನಿಂದ ತೆಗೆಯುವುದಿಲ್ಲ. ಅಲ್ಲಿ ಅವನ ಹೆಬ್ಬೆರಳು ಬೆಚ್ಚಗಿದೆ.