ಬಂದೂಕಿನ ಬೆನ್ನ ಬಾಗಿಲು

ರೇಣವ್ವನ ಲಿಂಬೆಹಣ್ಣಿನ ಬುಟ್ಟಿ ದಿನಾ ಬೆಳಿಗ್ಗೆ ವಕೀಲ ಕೇದಾರನ ಕಾರಿಗೆ ಅಡ್ಡ ಬರುತ್ತಿತ್ತು. ಕೇಶ್ವಾಪುರದ ಅವನ ಮನೆಯ ಗೇಟಿನ ಪಕ್ಕದ ಮೂಲೆಯಲ್ಲಿ, ಬೇವಿನ ಮರದ ಬುಡದಲ್ಲಿ, ಗೋಣಿತಟ್ಟು ಹಾಸಿ ಆಕೆ ಕೂರುತ್ತಿದ್ದಳು. ಹಾರ್ನ್ ಹೊಡೆದರೆ, "ತಡೀರಿ ಸಾಹೇಬರ, ಲಿಂಬಿಹಣ್ಣಿಗೆ ಗಾಲಿ ಇಲ್ಲ," ಎನ್ನುತ್ತ ನಿಧಾನಕ್ಕೆ ಬುಟ್ಟಿ ಎಳೆಯುತ್ತಿದ್ದಳು. ಅರ್ಜಿ ಕೊಟ್ಟು ಎಬ್ಬಿಸಿದರೆ ಮರುದಿನ ಅಲ್ಲೇ ಹಾಜರು. ಬದುಕಿದ್ದವರನ್ನು ಎಬ್ಬಿಸಲು ಕಾಯಿದೆ ಸಾಲದು, ಸತ್ತವರೇ ಬೇಕು ಎಂದು ಕೇದಾರನಿಗೆ ಕೊನೆಗೊಮ್ಮೆ ಹೊಳೆಯಿತು.

ಸತ್ತವರು ಮನೆಯಲ್ಲೇ ಇದ್ದರು. ಪಡಸಾಲೆಯ ಗೋಡೆಗೆ ಹಿರೀಕ ರಾಘೋಪಂತನ ಬಂದೂಕು ತೂಗುತ್ತಿತ್ತು. ಆ ಮಹಾನುಭಾವ ಇಂಗ್ಲಿಷರ ಕಿವಿಯಲ್ಲಿ ಬಂಡಾಯಗಾರರ ಹೆಸರು ಪಿಸುಗುಟ್ಟಿ ಇನಾಮು ಪಡೆದ ಬಂದೂಕದು. ಆದರೆ ಅದರ ಕಬ್ಬಿಣದ ಮೇಲೆ ಕಿರೀಟವೂ ೧೮೫೭ ಎಂಬ ಇಸವಿಯೂ ಕೊರೆದಿದ್ದವು. ಇಂಗ್ಲಿಷರಿಂದ ಕಸಿದು, ನರಗುಂದದ ಬಂಡಾಯದಲ್ಲಿ ಅವರ ಮೇಲೇ ಹಾರಿಸಿದ್ದು ಎಂದರೆ ಯಾರು ಬೇಡ ಅಂದಾರು? ವೀರನಿಗೊಂದು ಸ್ಮಾರಕ, ಸ್ಮಾರಕಕ್ಕೆ ಗೇಟಿನ ಪಕ್ಕದ ಆ ಮೂಲೆ. ಊರಿನ ಸ್ಮಾರಕ ಸಮಿತಿ ತಲೆದೂಗಿತು.

ತೊಡಕು ಒಂದೇ. ಸಮಿತಿಯ ಅಧ್ಯಕ್ಷ ವೆಂಕಣ್ಣ ಇತಿಹಾಸದ ನಿವೃತ್ತ ಮಾಸ್ತರ. ಬಂಡಾಯದ ಕಾಲದಲ್ಲಿ ಇಂಥ ಬಂದೂಕಿಗೆ ಮದ್ದುಗುಂಡನ್ನು ನಳಿಗೆಯ ಬಾಯಿಂದ ಜಡಿಯುತ್ತಿದ್ದರು ಎಂದು ಅವರು ಸಭೆಯಲ್ಲಿ ಹೇಳಿದ್ದರು. ಇಂಗ್ಲಿಷರು ಅದರ ಹಿಂಭಾಗ ಕೊಯ್ದು, ಮುಚ್ಚಳ ಕೂರಿಸಿ, ಹಿಂದಿನಿಂದ ತೋಟಾ ತುಂಬುವಂತೆ ಮಾಡಿದ್ದು ಎಷ್ಟೋ ವರ್ಷಗಳ ನಂತರ. ರಾಘೋಪಂತನ ಬಂದೂಕಿನ ಬೆನ್ನ ಮೇಲೆ, ಪಕ್ಕಕ್ಕೆ ತೆರೆಯುವ ಅಂಥದೇ ಮುಚ್ಚಳವಿತ್ತು. ಕೇದಾರ ನಕ್ಕ. ಇತಿಹಾಸ ಬಾಯಿ ತೆರೆದರೆ ಬೆಸುಗೆ ಹಾಕಿಸಿದರಾಯಿತು.

ತಂಬೂರಿಯ ಗವಸಿನಲ್ಲಿ ಬಂದೂಕು ತುರುಕಿಕೊಂಡು ಗೋಕುಲ ರಸ್ತೆಗೆ ಹೊರಟ. ದಾರಿಯಲ್ಲಿ ಸಿಕ್ಕವರು ಹಾಡಿನ ಬೈಠಕ್ ಯಾವಾಗ ಎಂದು ಕೇಳಿದರೆ, ಖಂಡೇನವಮಿಗೆ ಎಂದ. ಲೇಥ್ ಅಂಗಡಿಯ ಶರೀಫಸಾಬನಿಗೆ ಮುಚ್ಚಳ ತೋರಿಸಿ, ಅದು ಇತ್ತು ಎಂಬ ಗುರುತೂ ಉಳಿಯಬಾರದು ಎಂದು ತಾಕೀತು ಮಾಡಿದ.

"ಮುಚ್ಚತೇನಿ ಬಿಡ್ರಿ," ಎಂದ ಶರೀಫಸಾಬ. "ಆದ್ರ ಸಾಹೇಬರ, ಮುದುಕರು ಕೂದಲಕ್ಕ ಬಣ್ಣಾ ಹಚ್ಚೋದು ಕಂಡೇನಿ. ಬಂದೂಕಕ್ಕ ಹರೇ ತರಸಾವ್ರು ನೀವ ಮೊದಲ."

ಬೆಸುಗೆಯ ಗೆರೆಯನ್ನು ನುಣ್ಣಗೆ ಉಜ್ಜಿಸಿ, ಉಪ್ಪುನೀರು ಸವರಿ, ನೂರಾರು ವರ್ಷದ ತುಕ್ಕನ್ನು ಕೇದಾರ ಒಂದೇ ವಾರದಲ್ಲಿ ಬೆಳೆಸಿದ. ಗೆದ್ದಲಿನ ನೆಪ ಹೇಳಿ, ಬಂದೂಕು ಕಾಣುವ ಹಳೆಯ ಫೋಟೋಗಳನ್ನು ಸುಟ್ಟ. ನೆಂಟರ ಭಯವಿರಲಿಲ್ಲ, ಅವರು ಆ ಗೋಡೆಯತ್ತ ನೋಡುತ್ತಿದ್ದುದು ಊಟದ ಹೊತ್ತಾಯಿತೇ ಎಂದು ಗಡಿಯಾರದಲ್ಲಿ ತಿಳಿಯಲು ಮಾತ್ರ. ತಾಯಿ ತಾರಾಬಾಯಿಗೆ ಕಣ್ಣು ಮಂಜು. ಶರೀಫಸಾಬನಿಗೆ ಈ ಬಂದೂಕಿನ ವೀರಗಾಥೆಯೇ ಗೊತ್ತಿಲ್ಲ. ಎಲ್ಲ ಕಿಂಡಿಗಳೂ ಬಂದ್.

ಆಯುಧಗಳಿಗೆ ಪೂಜೆ ಸಲ್ಲುವ ಖಂಡೇನವಮಿಯನ್ನೇ ಮುಹೂರ್ತವೆಂದು ಆರಿಸಿದವನೂ ಕೇದಾರನೇ. ಗೇಟಿನ ಮುಂದೆ ಪೆಂಡಾಲು ಎದ್ದಿತು. ರೇಣವ್ವನಿಗೆ ಇವತ್ತು ಸರಿದು ನಿಲ್ಲಬೇಕೆಂದೂ, ನಾಳೆಯಿಂದ ಬರಲೇಬಾರದೆಂದೂ ಹೇಳಿಯಾಗಿತ್ತು. ಆಕೆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅಂಚಿನಲ್ಲಿ ನಿಂತಿದ್ದಳು. ವೆಂಕಣ್ಣ ಭೂತಗನ್ನಡಿ ಹಿಡಿದು ಬಂದೂಕಿನ ಮೈಯೆಲ್ಲ ನೋಡಿದರು. ಆಮೇಲೆ ಮೈಕು ಎತ್ತಿಕೊಂಡು, "ಖರೇನ ಬಂಡಾಯದ ಕಾಲದ್ದರಿ. ಬಾಯಿಂದ ತುಂಬೋದು, ಹಿಂದ ಮುಚ್ಚಳ ಇಲ್ಲ," ಎಂದರು. ಚಪ್ಪಾಳೆ ಬಿತ್ತು. ಇನ್ನು ಪೂಜೆಯೊಂದು ಮುಗಿದರೆ ಮೂಲೆ ತನ್ನದು ಎಂದುಕೊಂಡ ಕೇದಾರ.

ಆದರೆ ಖಂಡೇನವಮಿಯ ಪೂಜೆ ಆ ಮನೆಯಲ್ಲಿ ಹೆಂಗಸರ ಪಾಲಿನದು. ಗಂಡಸರು ಹೋಳಿಗೆ ಬಡಿಸುವ ಹೊತ್ತಿಗಷ್ಟೇ ಎದ್ದು ಬರುತ್ತಿದ್ದರು. ತಾರಾಬಾಯಿ ಬಂದೂಕಿಗೆ ಕುಂಕುಮವಿಟ್ಟು, ಕೈ ಚಾಚಿದಳು. ರೇಣವ್ವ ವಾಡಿಕೆಯಂತೆ ಮುಂದೆ ಬಂದು, ಬುಟ್ಟಿಯಲ್ಲಿನ ಸಣ್ಣದರಲ್ಲಿ ಸಣ್ಣ ಲಿಂಬೆಹಣ್ಣನ್ನು ಆ ಅಂಗೈಯಲ್ಲಿಟ್ಟಳು. ಮುದುಕಿಯ ಬೆರಳುಗಳು ಬಂದೂಕಿನ ಬೆನ್ನು ತಡವಿದವು, ಹಿಂದಕ್ಕೆ ಹೋದವು, ಮತ್ತೆ ಮುಂದಕ್ಕೆ ಬಂದವು. ವೆಂಕಣ್ಣನವರ ಕೈಯ ಮೈಕು ಆಕೆಯ ಬಾಯಿಯ ಹತ್ತಿರವೇ ಇತ್ತು. "ಕೇದ್ಯಾ, ಮದಿವ್ಯಾಗಿ ಬಂದಾಗಿಂದ ವರ್ಷಾ ಇದರ ಬೆನ್ನಿನ ಬಾಗಲಾ ತಗದು ಒಳಗ ಲಿಂಬಿಹಣ್ಣ ಇಡತೇನಿ. ಆ ಬಾಗಲಾ ಎಲ್ಲಿ ಹೋತೋ?" ಪ್ರಶ್ನೆ ಇಡೀ ಕೇಶ್ವಾಪುರಕ್ಕೆ ಕೇಳಿಸಿತು. ಮಂದಿಯೆಲ್ಲ ಕೇದಾರನ ಮುಖ ನೋಡುತ್ತಿರುವಾಗ, ರೇಣವ್ವ ಬೇವಿನ ಬುಡಕ್ಕೆ ಹೋಗಿ ಗೋಣಿತಟ್ಟನ್ನು ಕೊಡವಿ ಹಾಸಿದಳು.